ಬಾಂದ್ರಾದ ಬೋರ್ಡಿಲ್ಲದ ಅಂಗಡಿ: ಶೂಟ್‌ಗೆ ಹಳೇ ಡಿಸೈನರ್ ಬಟ್ಟೆ ಬಾಡಿಗೆಗೆ ಬೇಕಾದವರಿಗೆ ಒಂದು ರಿವ್ಯೂ

ಮೊದ್ಲೇ ಹೇಳಿಬಿಡ್ತೇನೆ, ಕಸಿನ್ ಮದುವೆ ರಿಸೆಪ್ಶನ್‌ಗೆ ಏನಾದ್ರೂ ಡಿಫರೆಂಟಾಗಿ ಹಾಕ್ಕೊಂಡು ಮಿಂಚಬೇಕು ಅಂತ ಈ ಅಂಗಡಿ ಹುಡುಕ್ತಾ ಇದ್ರೆ ಬೇಡ ಮಾರಾಯ್ರೇ, ದುಡ್ಡು ದಂಡ. ಇದು ಫೋಟೋಕ್ಕೆ ಬಟ್ಟೆ ಬೇಕಾದವರ ಜಾಗ. ಸ್ಟೈಲಿಂಗ್ ಮಾಡೋರು, ಫೋಟೋಗ್ರಾಫರ್‌ಗಳು, ಆಡ್ ಫಿಲ್ಮ್‌ನ ಕಾಸ್ಟ್ಯೂಮ್ ಅಸಿಸ್ಟೆಂಟ್‌ಗಳು, ಊರಿಂದ ಬಂದು ಅಂಧೇರಿಲಿ ರೂಮ್ ಮಾಡ್ಕೊಂಡು ಪೋರ್ಟ್‌ಫೋಲಿಯೋ ಶೂಟ್ ಮಾಡಿಸ್ಕೊಳ್ತಿರೋ ಹುಡುಗ ಹುಡುಗೀರು, ಇಂಥವರಿಗೆ ಹೇಳಿ ಮಾಡಿಸಿದ ಹಾಗಿದೆ. ಉಳಿದವರು ಸುಮ್ನೆ ನೋಡೋಕೆ ಹೋದ್ರೆ ಅಂಗಡಿ ನಡೆಸೋ ಆಂಟಿ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸ್ತಾರೆ, ಬೈಯೋದಿಲ್ಲ, ಆದ್ರೆ ಒಳಗೂ ಕರೆಯೋದಿಲ್ಲ.

ಬಾಂದ್ರಾ ವೆಸ್ಟಲ್ಲಿ ಹಿಲ್ ರೋಡಿಂದ ಒಳಗೆ ತಿರುಗಿದ್ರೆ ಇನ್ನೂ ಬಿಲ್ಡರ್ ಕೈಗೆ ಸಿಗದೇ ಉಳಿದಿರೋ ಒಂದು ಹಳೇ ಮನೆ, ಅದರ ಗ್ರೌಂಡ್ ಫ್ಲೋರು. ಬೋರ್ಡಿಲ್ಲ, ಇನ್‌ಸ್ಟಾಗ್ರಾಮ್ ಪೇಜೂ ಇಲ್ಲ, ವಾಟ್ಸಾಪ್ ನಂಬರ್ ಕೈಯಿಂದ ಕೈಗೆ ಹೋಗೋದು ಅಷ್ಟೇ. ಅಡ್ರೆಸ್ ಎಲ್ಲೂ ಹಾಕ್ಬೇಡ ಅಂತ ಆಂಟಿ ಖಡಾಖಂಡಿತವಾಗಿ ಹೇಳಿರೋದ್ರಿಂದ ನಾನೂ ಹಾಕ್ತಿಲ್ಲ, ಸ್ಟೈಲಿಂಗ್ ಲೈನಲ್ಲಿರೋ ಯಾರನ್ನ ಕೇಳಿದ್ರೂ ನಂಬರ್ ಸಿಗತ್ತೆ, ಎಲ್ಲರೂ "ಆಂಟಿ ಹತ್ರ" ಅಂತಲೇ ಹೇಳೋದು. ಒಳಗೆ ಎರಡು ರೂಮು, ಒಂದ್ರಲ್ಲಿ ಕಬ್ಬಿಣದ ಸ್ಟ್ಯಾಂಡ್‌ಗಳು ಗೋಡೆಯಿಂದ ಗೋಡೆಗೆ, ಇನ್ನೊಂದ್ರಲ್ಲಿ ಗೋದ್ರೇಜ್ ಬೀರುಗಳು, ಮಧ್ಯ ಪ್ಯಾಸೇಜಲ್ಲಿ ಹೊಲಿಗೆ ಮಿಷನ್ ಇಟ್ಕೊಂಡು ಮಾಸ್ತರು ಕೂತಿರ್ತಾರೆ. ಅವರ ವಿಷ್ಯ ಆಮೇಲೆ ಹೇಳ್ತೇನೆ, ನನ್ನ ಕೇಳಿದ್ರೆ ಈ ಅಂಗಡಿಗೆ ಐದು ಸ್ಟಾರ್ ಕೊಡೋದು ಅವರಿಗೋಸ್ಕರ.

ಹಳೇ ಬಟ್ಟೆ ಯಾಕೆ ಬೇಕು, ಹೊಸದು ಸಿಗಲ್ವಾ ಅಂತ ಈ ಲೈನಲ್ಲಿ ಇಲ್ಲದವರು ಕೇಳ್ತಾರೆ, ನ್ಯಾಯವಾದ ಪ್ರಶ್ನೆನೇ. ಸಿಗತ್ತೆ, ಫ್ರೀಯಾಗೇ ಸಿಗತ್ತೆ. ಬ್ರ್ಯಾಂಡ್‌ಗಳ ಪಿಆರ್ ಏಜೆನ್ಸಿಯವರು ಸ್ಯಾಂಪಲ್ ಕಳಿಸ್ತಾರೆ, ಚಲನ್‌ಗೆ ಸೈನ್ ಹಾಕಿ ತಗೊಂಡು ಶೂಟ್ ಮಾಡಿ ಮಾರನೇ ದಿನ ವಾಪಸ್ ಕೊಡ್ಬೇಕು, ಮತ್ತೆ ಕ್ರೆಡಿಟ್ ಹಾಕ್ಬೇಕು. ಪ್ರಾಬ್ಲಮ್ ಏನಂದ್ರೆ ಅದೇ ಸ್ಯಾಂಪಲ್ ಹೋದ ವಾರ ಇನ್ನೊಬ್ರ ಶೂಟಲ್ಲಿತ್ತು, ಮುಂದಿನ ವಾರ ಮತ್ತೊಬ್ರ ಹತ್ರ ಹೋಗತ್ತೆ, ಕೊನೆಗೆ ಊರಲ್ಲಿರೋ ಎಲ್ಲಾ ಮ್ಯಾಗಜೀನಲ್ಲೂ ಅದೇ ಹಸಿರು ಜಾಕೆಟ್. ಮತ್ತೆ ಆ ಬಟ್ಟೆ ಸೈಜು ಒಂದೇ, ಮಾಡೆಲ್ ಸ್ವಲ್ಪ ದಪ್ಪ ಇದ್ರೆ ಅಥವಾ ಕುಳ್ಳಗಿದ್ರೆ ಮುಗೀತು ಕಥೆ. ಕೆಲವು ಬ್ರ್ಯಾಂಡಿನವರಂತೂ ನಮ್ಮ ಬಟ್ಟೆ ಜೊತೆ ಬೇರೆಯವರ ಬಟ್ಟೆ ಮಿಕ್ಸ್ ಮಾಡ್ಬೇಡಿ, ತಲೆಯಿಂದ ಕಾಲಿನ ತನಕ ನಮ್ಮದೇ ಇರ್ಬೇಕು ಅಂತ ಕಂಡೀಷನ್ ಹಾಕ್ತಾರೆ, ಹಾಗಿದ್ರೆ ಸ್ಟೈಲಿಸ್ಟ್ ಯಾಕೆ ಬೇಕು, ಒಂದು ಹ್ಯಾಂಗರ್ ಸಾಕಲ್ಲ!

ಹಳೇ ಬಟ್ಟೆಗೆ ಈ ರಗಳೆ ಯಾವುದೂ ಇಲ್ಲ. ಆದ್ರೆ ನನಗೆ ಅದಕ್ಕಿಂತ ದೊಡ್ಡ ಕಾರಣ ಅಂದ್ರೆ ಫೋಟೋಗೆ ತಾರೀಕು ಬೀಳೋದಿಲ್ಲ. ಈ ಸೀಸನ್ನಿನ ಬಟ್ಟೆ ಹಾಕಿ ತೆಗೆದ ಫೋಟೋ ಮುಂದಿನ ವರ್ಷ ನೋಡಿದ್ರೆ ಹಳೇ ಕ್ಯಾಟಲಾಗ್ ತರ ಕಾಣತ್ತೆ. ಮೂವತ್ತು ವರ್ಷ ಹಿಂದಿನ ಕೋಟನ್ನ ಇವತ್ತಿನ ಹುಡುಗಿಗೆ ಹಾಕಿ, ಇವತ್ತಿನ ಕೂದಲು, ಇವತ್ತಿನ ಮೇಕಪ್ ಇಟ್ಟು ತೆಗೀರಿ, ನೋಡೋರಿಗೆ ಇದು ಯಾವ ಕಾಲದ್ದು ಅಂತ ಒಂದು ಕ್ಷಣ ಗೊತ್ತಾಗಲ್ಲ, ಬೆರಳು ಸ್ಕ್ರಾಲ್ ಮಾಡೋದು ನಿಲ್ಲತ್ತೆ. ನಮಗೆ ಬೇಕಾಗಿರೋದು ಆ ಒಂದು ಕ್ಷಣ.

ಮತ್ತೆ ಕ್ಯಾಮೆರಾಕ್ಕೆ ಬಟ್ಟೆಯ ತೂಕ ಕಾಣತ್ತೆ. ಇದು ನಾನು ಎಷ್ಟು ಜನರ ಹತ್ರ ಹೇಳಿದ್ರೂ ನಂಬಲ್ಲ. 1966ರಲ್ಲಿ ಫ್ರೆಂಚ್ ಡಿಸೈನರ್ ಈವ್ ಸಾಂ ಲೋರಾನ್ ಹೆಂಗಸರಿಗೆ ಅಂತ ಮಾಡಿದ ಟಕ್ಸೀಡೋ, ಲೆ ಸ್ಮೋಕಿಂಗ್, ಅದನ್ನ 1975ರಲ್ಲಿ ಹೆಲ್ಮುಟ್ ನ್ಯೂಟನ್ ಪ್ಯಾರಿಸ್‌ನ ರ್‍ಯೂ ಒಬ್ರಿಯೋ ಅನ್ನೋ ಗಲ್ಲಿಲಿ ರಾತ್ರಿ ಹೊತ್ತು ಫ್ಯಾಶನ್ ಮ್ಯಾಗಜೀನ್ ಫ್ರೆಂಚ್ ವೋಗ್‌ಗೆ ತೆಗೆದ ಫೋಟೋ ನೋಡಿದವರಿಗೆ ನಾನು ಹೇಳ್ತಿರೋದು ಅರ್ಥ ಆಗತ್ತೆ. ಫೋಟೋದಲ್ಲಿ ಇರೋದೆಲ್ಲ ಕತ್ಲೆ, ಬೀದಿ ದೀಪ, ಒಂದು ಸಿಗರೇಟು, ಅಷ್ಟೇ. ಆದ್ರೆ ಆ ಭುಜದ ಗೆರೆ, ಪ್ಯಾಂಟ್ ನೇರ ಕೆಳಗೆ ಬೀಳೋ ರೀತಿ, ಬಟ್ಟೆ ತೆಳ್ಳಗಿದ್ದಿದ್ರೆ ಅಷ್ಟು ಮಬ್ಬಲ್ಲಿ ಆ ಆಕಾರವೇ ನಿಲ್ತಿರ್ಲಿಲ್ಲ. ಹಾಗೇ 1955ರಲ್ಲಿ ರಿಚರ್ಡ್ ಆವೆಡನ್ ಪ್ಯಾರಿಸ್‌ನ ಸರ್ಕಸ್ ಒಂದ್ರಲ್ಲಿ ಡೋವಿಮಾ ಅನ್ನೋ ಮಾಡೆಲ್‌ನ ಆನೆಗಳ ಮಧ್ಯ ನಿಲ್ಲಿಸಿ ತೆಗೆದ ಫೋಟೋ, ಕಪ್ಪು ಡಿಯೋರ್ ಗೌನು ಅದಕ್ಕೊಂದು ಉದ್ದ ಬಿಳಿ ಸ್ಯಾಶ್, ಆ ಗೌನ್ ಡಿಸೈನ್ ಮಾಡಿದ್ದು ಆಗಿನ್ನೂ ಡಿಯೋರ್ ಹತ್ರ ಕೆಲಸಕ್ಕಿದ್ದ ಹತ್ತೊಂಬತ್ತರ ಹುಡುಗ ಇದೇ ಸಾಂ ಲೋರಾನ್. ಆನೆ ಚರ್ಮದ ಪಕ್ಕದಲ್ಲಿ ನಿಂತ್ರೂ ಬಟ್ಟೆ ಸೋಲಲಿಲ್ಲ ನೋಡಿ.

ಈಗ ಆಂಟಿ ಸ್ಟಾಕಿನ ವಿಷ್ಯಕ್ಕೆ ಬರೋಣ. ಮಾಲು ಎಲ್ಲಿಂದ ಬರತ್ತೆ ಅಂತ ಅವರು ಪೂರ್ತಿ ಬಾಯಿ ಬಿಡಲ್ಲ, ಆದ್ರೆ ಮಾತಲ್ಲಿ ಗೊತ್ತಾಗಿದ್ದು ಇಷ್ಟು: ದಾದರ್ ಪಾರ್ಸಿ ಕಾಲೊನಿಲಿ, ಮಲಬಾರ್ ಹಿಲ್ಲಲ್ಲಿ ಹಳೇ ಮನೆ ಖಾಲಿ ಮಾಡುವಾಗ ಬೀರು ಸಮೇತ ಕೊಡೋರು, ಎಪ್ಪತ್ತು ಎಂಬತ್ತರ ದಶಕದಲ್ಲಿ ಏರ್ ಇಂಡಿಯಾದಲ್ಲಿ ಹಾರಾಡಿದವರು ಲಂಡನ್ನಿಂದ ನ್ಯೂಯಾರ್ಕಿಂದ ತಂದಿಟ್ಟಿದ್ದು, ಸ್ವಲ್ಪ ಚೋರ್ ಬಜಾರಿನ ಮಟನ್ ಸ್ಟ್ರೀಟಿಂದು. ಹಾಗಾಗಿ ರ್‍ಯಾಕು ಒಂದೇ ತರ ಇಲ್ಲ. ಒಂದು ಕಡೆ ಭುಜಕ್ಕೆ ದಪ್ಪ ಪ್ಯಾಡ್ ಇಟ್ಟ ವೈಎಸ್ಎಲ್ ರೀವ್ ಗೋಶ್, ಅಂದ್ರೆ ಇದೇ ಸಾಂ ಲೋರಾನ್ ಅವರ ರೆಡಿಮೇಡ್ ಲೈನಿನ ಜಾಕೆಟ್‌ಗಳು, ಪಕ್ಕದಲ್ಲೇ ಯಾವುದೋ ಹೆಸರಿಲ್ಲದ ದರ್ಜಿ ಕೊಲಾಬಾದಲ್ಲಿ ಹೊಲಿದ ಸೂಟು, ಅದರ ಪಕ್ಕ ಜಪಾನಿನ ಡಿಸೈನರ್ ಇಸ್ಸೆ ಮಿಯಾಕೆಯ ಮಡಿಕೆ ಮಡಿಕೆ ಬಟ್ಟೆ, ಪ್ಲೀಟ್ಸ್ ಪ್ಲೀಸ್. ನಿಜ ಹೇಳ್ಬೇಕಂದ್ರೆ ಕೊಲಾಬಾ ಸೂಟು ಕೆಲವು ಸಲ ಬ್ರ್ಯಾಂಡಿನದಕ್ಕಿಂತ ಚೆನ್ನಾಗಿ ಫೋಟೋದಲ್ಲಿ ಕೂತಿದ್ದುಂಟು.

ಪ್ಲೀಟ್ಸ್ ಪ್ಲೀಸ್ ಬಗ್ಗೆ ಒಂದು ಮಾತು, ಯಾಕಂದ್ರೆ ಮೂವ್‌ಮೆಂಟ್ ಶಾಟಿಗೆ ಇದಕ್ಕಿಂತ ಒಳ್ಳೇದು ಆ ಅಂಗಡಿಲಿ ಇಲ್ಲ. ಮಿಯಾಕೆ ಇದನ್ನ 1993ರಲ್ಲಿ ಲೈನ್ ಮಾಡಿ ಬಿಟ್ಟಿದ್ದು. ಸಾಮಾನ್ಯವಾಗಿ ಬಟ್ಟೆಗೆ ಮೊದ್ಲು ಮಡಿಕೆ ಹಾಕಿ ಆಮೇಲೆ ಹೊಲೀತಾರೆ, ಇವರು ಉಲ್ಟಾ, ಬೇಕಾದ ಸೈಜಿನ ಎರಡೂವರೆ ಮೂರು ಪಟ್ಟು ದೊಡ್ಡದಾಗಿ ಮೊದ್ಲು ಹೊಲಿದು ಆಮೇಲೆ ಇಡೀ ಡ್ರೆಸ್ಸನ್ನೇ ಬಿಸಿ ಪ್ರೆಸ್ಸಿಗೆ ಕೊಟ್ಟು ಮಡಿಕೆ ಮಾಡೋದು. ಪಾಲಿಯೆಸ್ಟರ್ ಆದ್ದರಿಂದ ಆ ಮಡಿಕೆ ಹಾಗೇ ಉಳಿಯತ್ತೆ. ಮಾಡೆಲ್ ಓಡಲಿ ಹಾರಲಿ ತಿರುಗಲಿ, ಬಟ್ಟೆ ಹಿಗ್ಗಿ ವಾಪಸ್ ತನ್ನ ಜಾಗಕ್ಕೆ ಬರತ್ತೆ, ಪ್ರತಿ ಮಡಿಕೆಗೂ ಒಂದು ಬೆಳಕಿನ ಗೆರೆ ಒಂದು ನೆರಳಿನ ಗೆರೆ. ಬ್ಯಾಗಲ್ಲಿ ಸುರುಳಿ ಸುತ್ತಿ ಲೋಕಲ್ ಟ್ರೇನಲ್ಲಿ ತಗೊಂಡು ಹೋಗ್ಬಹುದು. ಒಂದೇ ಒಂದು ಎಚ್ಚರಿಕೆ, ಸೆಟ್ಟಲ್ಲಿ ಉತ್ಸಾಹದ ಅಸಿಸ್ಟೆಂಟ್ ಯಾರಾದ್ರೂ ಇದ್ರೆ ಅವರ ಕೈಗೆ ಸ್ಟೀಮರ್ ಕೊಡ್ಬೇಡಿ, ಸುಕ್ಕು ತೆಗೀತೇನೆ ಅಂತ ಮಡಿಕೆನೇ ಹಾಳು ಮಾಡಿಟ್ಟಾರು.

ಶನೆಲ್ ಜಾಕೆಟ್ ಒಂದೇ ಒಂದಿದೆ, ಅದು ಬೀರುವಿಂದ ಹೊರಗೆ ಬರೋದೇ ಅಪರೂಪ. ಆಂಟಿ ಅದನ್ನ ತೋರಿಸುವಾಗ ಮೊದ್ಲು ಕೆಳ ಅಂಚನ್ನ ತಿರುಗಿಸಿ ಒಳಗೆ ಸುತ್ತಲೂ ಹೊಲಿದಿರೋ ಚೈನ್ ತೋರಿಸ್ತಾರೆ, ಬೆರಳಲ್ಲಿ ಎತ್ತಿದ್ರೆ ತಣ್ಣಗೆ ಭಾರಕ್ಕೆ ಜಾರತ್ತೆ. ಅದು ಶೋಕಿಗಲ್ಲ, ಜಾಕೆಟ್ ಮೇಲೆ ಏಳದ ಹಾಗೆ ನೇರ ಕೂರೋಕೆ ಹಾಕಿರೋ ತೂಕ. ಕಂಕುಳ ಕಟ್ಟೂ ಮೇಲಿದೆ, ಕೈ ಎತ್ತಿದ್ರೆ ಇಡೀ ಜಾಕೆಟ್ ಜೊತೆಗೆ ಎದ್ದು ಬರಲ್ಲ. ನಮ್ಮ ಕೆಲಸದಲ್ಲಿ ಇದು ಎಷ್ಟು ದೊಡ್ಡ ವಿಷ್ಯ ಅಂದ್ರೆ, ಮಾಡೆಲ್ ಕೂದಲಿಗೆ ಕೈ ಹಾಕೋ ಪೋಸ್ ಕೊಟ್ಟಾಗ ಇವತ್ತಿನ ರೆಡಿಮೇಡ್ ಬ್ಲೇಜರ್ ಕಿವಿ ತನಕ ಏರತ್ತೆ, ಆಮೇಲೆ ರಿಟಚ್ ಮಾಡೋನು ನಮಗೆ ಶಾಪ ಹಾಕ್ತಾ ಕೂರ್ತಾನೆ.

ಇನ್ನು ಮಾಸ್ತರು. ಗುಳೇದಗುಡ್ಡದವರು, ಮುಂಬೈಗೆ ಬಂದು ಎಷ್ಟೋ ವರ್ಷ ಆಯ್ತು, ಹಿಂದಿ ಮರಾಠಿ ಎಲ್ಲಾ ನೀರು ಕುಡಿದ ಹಾಗೆ ಮಾತಾಡ್ತಾರೆ, ನಾನು ಕನ್ನಡದಲ್ಲಿ ಮಾತಾಡಿಸಿದ ಮೇಲೆ ಮಾತ್ರ "ನೀವು ನಮ್ಮವ್ರ ಏನ್ರಿ ಅಕ್ಕಾರ" ಅಂತ ಕುರ್ಚಿ ಎಳೆದು ಕೊಟ್ರು. ನನ್ನ ಮಂಗಳೂರು ಕನ್ನಡ ಅವರಿಗೆ ನಗು, ಅವರ "ಐತಿ" "ಹೌದಲ್ರಿ" ನನಗೆ ಖುಷಿ. ಕೋಟು ಒಳ್ಳೇದಾ ಅಂತ ಹೇಗೆ ನೋಡೋದು ಮಾಸ್ತರ್ರೇ ಅಂತ ಕೇಳಿದ್ದಕ್ಕೆ ಲೇಬಲ್ ಕಡೆ ನೋಡಲೇ ಇಲ್ಲ. ಕೆಳಗಿನ ಬಟನ್ ತೂತಿನ ಹತ್ರ ಬಟ್ಟೆಯನ್ನ ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಮೆಲ್ಲಗೆ ತಿಕ್ಕಿ ಮುಂದಿನ ಪದರ ಹಿಂದಿನ ಪದರ ಬೇರೆ ಮಾಡಿದ್ರು, ಮಧ್ಯ ಮೂರನೇ ಪದರ ಒಂದು ತನ್ನಷ್ಟಕ್ಕೆ ಜಾರಾಡ್ತಿತ್ತು. "ನೋಡ್ರಿ ಅಕ್ಕಾರ, ಒಳಗ ಕ್ಯಾನ್ವಾಸ್ ಸಡಿಲ ಐತಿ, ಎಲ್ಲಾ ದಾರದ ಕೆಲಸ. ಪೇಸ್ಟಿಂಗ್ ಇದ್ರ ಹಿಂಗ ಜಾರೂದಿಲ್ರಿ, ಗೋಂದಿನಾಗ ಅಂಟ್ಕೊಂಡಿರ್ತೈತಿ." ಅಂಟಿಸಿದ ಕೋಟು ನಾಲ್ಕು ಸಲ ಡ್ರೈಕ್ಲೀನ್ ಆದ್ಮೇಲೆ ಎದೆ ಮೇಲೆ ಗುಳ್ಳೆ ಏಳತ್ತೆ, ಆ ಗುಳ್ಳೆ ಸೈಡ್ ಲೈಟಲ್ಲಿ ಎಷ್ಟು ಕೆಟ್ಟದಾಗಿ ಕಾಣತ್ತೆ ಅಂತ ಫೋಟೋ ತೆಗೆಯೋರಿಗೆ ಗೊತ್ತು. ದಾರದಲ್ಲಿ ಕಟ್ಟಿದ್ದು ಹಾಕಿದಷ್ಟೂ ಮೈಗೆ ಹೊಂದ್ಕೊಳ್ಳತ್ತೆ. ಅವತ್ತಿಂದ ನಾನು ಎಲ್ಲೇ ಕೋಟು ಕಂಡ್ರೂ ಮೊದ್ಲು ಹಾಗೆ ತಿಕ್ಕಿ ನೋಡೋದು, ಮಾಲ್‌ಗಳಲ್ಲಿ ಸೇಲ್ಸ್ ಹುಡುಗರು ವಿಚಿತ್ರವಾಗಿ ನೋಡ್ತಾರೆ, ನೋಡಲಿ.

ಒರಿಜಿನಲ್ಲಾ ಡೂಪ್ಲಿಕೇಟಾ ಅನ್ನೋ ವಿಷ್ಯಕ್ಕೆ ಬಂದ್ರೆ, ಆಂಟಿ ಇಲ್ಲಿ ಪ್ರಾಮಾಣಿಕರು. ಅನುಮಾನ ಇದ್ರೆ ಟ್ಯಾಗಲ್ಲೇ ಪ್ರಶ್ನೆ ಚಿಹ್ನೆ ಹಾಕಿಟ್ಟಿರ್ತಾರೆ, ಬಾಡಿಗೆನೂ ಅದಕ್ಕೆ ತಕ್ಕ ಹಾಗೆ ಕಮ್ಮಿ. ಅವರು ಬಟ್ಟೆ ಕೈಗೆ ತಗೊಂಡ ತಕ್ಷಣ ಒಳಗೆ ತಿರುಗಿಸಿ ನೋಡೋದು, ಹೊರಗೆ ಆಮೇಲೆ. ತೊಳೆಯೋದು ಹೇಗೆ ಅಂತ ಬರೆದ ಪಟ್ಟಿ ಇದೆಯಾ ನೋಡ್ತಾರೆ, ಯಾಕಂದ್ರೆ ಅಮೆರಿಕದಲ್ಲಿ ಆ ಪಟ್ಟಿ ಹೊಲಿಯಲೇಬೇಕು ಅನ್ನೋ ರೂಲ್ ಜಾರಿಗೆ ಬಂದಿದ್ದು 1972ರಲ್ಲಿ, ಅಲ್ಲಿಯ ಮಾಲಲ್ಲಿ ಅದು ಇಲ್ಲದಿದ್ರೆ ಅದಕ್ಕೂ ಹಳೇದಿರಬಹುದು. ಐಎಲ್‌ಜಿಡಬ್ಲ್ಯುಯು ಅಂತ ಅಲ್ಲಿಯ ಹೆಂಗಸರ ಬಟ್ಟೆ ಹೊಲಿಯೋ ಕೆಲಸಗಾರರ ಯೂನಿಯನ್ ಒಂದಿತ್ತು, 1995ರಲ್ಲಿ ಅದು ಬೇರೆ ಯೂನಿಯನ್ ಜೊತೆ ಸೇರಿ ಹೆಸರೇ ಬದಲಾಯ್ತು, ಆ ಯೂನಿಯನ್ನಿನ ಲೇಬಲ್ ಪಕ್ಕದ ಹೊಲಿಗೆಲಿ ಸಿಕ್ಕಿದ್ರೆ ಬಟ್ಟೆ ಅದಕ್ಕೂ ಹಿಂದಿನದು ಅಂತ ಅರ್ಥ, ಇನ್ನೇನು ಬೇಕು. ಜಿಪ್ ಲೋಹದ್ದಾ ನೈಲಾನಾ, ಹೊಲಿಗೆ ಅಂಚಿಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ, ಹುಕ್ಕು ಕೈಯಲ್ಲಿ ಹೊಲಿದಿದ್ದಾ, ಎಲ್ಲಾ ನೋಡ್ತಾರೆ. ಮಾರ್ಜೆಲಾ ಅನ್ನೋ ಬ್ರ್ಯಾಂಡಿನ ಜಾಕೆಟ್ ಒಂದಿದೆ, ಅದರ ಬೆನ್ನ ಮೇಲೆ ಹೊರಗಡೆಗೆ ನಾಲ್ಕು ಬಿಳಿ ಹೊಲಿಗೆ ಕಾಣತ್ತಲ್ಲ, ಒಳಗಿನ ಖಾಲಿ ಲೇಬಲ್ ಹಿಡಿದಿಡೋ ಹೊಲಿಗೆ, ಅದೇ ಅದರ ಗುರುತು. ಹಿಂದೆ ಬಾಡಿಗೆಗೆ ತಗೊಂಡ ಯಾರೋ ಪುಣ್ಯಾತ್ಮರು ದಾರ ಬಿಟ್ಟಿದೆ ಅಂತ ಎರಡನ್ನ ಕಿತ್ತು ಹಾಕಿ ವಾಪಸ್ ತಂದಿದ್ರಂತೆ!

ಸೈಜು ನಂಬಬೇಡಿ. ಹಳೇ ಅಮೆರಿಕನ್ ಡ್ರೆಸ್ ಮೇಲೆ 12 ಅಂತ ಇದ್ರೆ ಅದು ಇವತ್ತಿನ 12 ಅಲ್ಲವೇ ಅಲ್ಲ, ತುಂಬ ಚಿಕ್ಕದು. ಕಂಪನಿಗಳು ವರ್ಷ ಹೋದ ಹಾಗೆ ಗಿರಾಕಿಗೆ ಖುಷಿಯಾಗಲಿ ಅಂತ ನಂಬರ್ ಇಳಿಸ್ತಾ ಬಂದ್ವು. ಮಾಡೆಲ್‌ದು ಎದೆ ಸೊಂಟ ಭುಜ ಇಂಚಿನಲ್ಲಿ ಬರ್ಕೊಂಡು ಹೋಗಿ, ಟೇಪು ಅಲ್ಲೇ ಇರತ್ತೆ. ಸ್ವಲ್ಪ ದೊಡ್ಡದಾದ್ರೆ ಚಿಂತೆ ಇಲ್ಲ, ಬೆನ್ನ ಹಿಂದೆ ಕ್ಲಿಪ್ ಹಾಕಿದ್ರೆ ಮುಗೀತು. ಮ್ಯಾಗಜೀನಲ್ಲಿ ನೀವು ನೋಡೋ ಆ ಪರ್ಫೆಕ್ಟ್ ಫಿಟಿಂಗ್‌ಗಳ ಹಿಂದೆ ಎಷ್ಟೋ ಸಲ ಐದಾರು ಕಪ್ಪು ಕ್ಲಿಪ್ಪು ನಾಲ್ಕು ಸೇಫ್ಟಿ ಪಿನ್ ಇರತ್ತೆ, ಮಾಡೆಲ್ ತಿರುಗಿ ನಿಂತ್ರೆ ಮರ್ಯಾದೆ ಹೋಗತ್ತೆ. ಆದ್ರೆ ಇಲ್ಲಿ ರೇಷ್ಮೆ ಶಿಫಾನಿಗೆ ಕ್ಲಿಪ್ ಹಾಕೋ ಹಾಗಿಲ್ಲ, ಮಾಸ್ತರು ದೊಡ್ಡ ದೊಡ್ಡ ಕಚ್ಚಾ ಟಾಕಿ ಹಾಕಿ ಕೊಡ್ತಾರೆ, ಅದಕ್ಕೆ 200 ರೂಪಾಯಿ ಎಕ್ಸ್‌ಟ್ರಾ. ಕೊಡಿ, ಚೌಕಾಸಿ ಮಾಡ್ಬೇಡಿ.

ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಮಾತ್ರ ಆ ಮೂಲೇಲಿರೋ ಇಂಡಿಯನ್ ರ್‍ಯಾಕು, ಅದರ ಹತ್ರ ಜನ ಹೋಗೋದೇ ಕಮ್ಮಿ. ಎಲ್ಲರಿಗೂ ವರ್ಸಾಚೆ ಬೇಕು, ಟಾಮ್ ಫೋರ್ಡ್ ಇದ್ದ ಕಾಲದ ಗುಚಿ ಬೇಕು. ನಮ್ಮಲ್ಲಿ 1987ರಲ್ಲಿ ಫೋರ್ಟಿನ ಲಯನ್ ಗೇಟ್ ಹತ್ರ ಎನ್ಸೆಂಬಲ್ ಶುರುವಾದಾಗ, ಒಂದೇ ಅಂಗಡಿಲಿ ಹಲವು ಡಿಸೈನರ್‌ಗಳ ಬಟ್ಟೆ ಸಿಗೋದು ಅನ್ನೋದೇ ಹೊಸದು. ತರುಣ್ ತಹಿಲಿಯಾನಿ, ಅಬು ಜಾನಿ ಸಂದೀಪ್ ಖೋಸ್ಲಾ, ರೋಹಿತ್ ಖೋಸ್ಲಾ ಇವರೆಲ್ಲ ಆ ಕಾಲದ ಡಿಸೈನರುಗಳು. ರೋಹಿತ್ ಖೋಸ್ಲಾ 1994ರಲ್ಲೇ ಹೋಗಿಬಿಟ್ರು, ವೆಂಡೆಲ್ ರೊಡ್ರಿಕ್ಸ್ 2020ರಲ್ಲಿ, ರೋಹಿತ್ ಬಲ್ 2024ರಲ್ಲಿ. ಈ ಹೆಸರುಗಳಿರೋ ತೊಂಬತ್ತರ ದಶಕದ ಬಟ್ಟೆ ಈಗ ಬೀರುಗಳಲ್ಲಿ ಡಾಂಬರ್ ಗುಳಿಗೆ ವಾಸನೆಲಿ ಮಲಗಿದೆ, ಇಲ್ಲಾಂದ್ರೆ ಪಾತ್ರೆ ಮಾರೋಳು ಬಂದಾಗ ಸ್ಟೀಲ್ ಡಬ್ಬಕ್ಕೆ ಬದಲಾಗಿ ಹೋಗಿದೆ. ಗೋವಾದ ಕೋಲ್ವಾಳದಲ್ಲಿ ಮೋಡಾ ಗೋವಾ ಅನ್ನೋ ಬಟ್ಟೆಗಳ ಮ್ಯೂಸಿಯಂ ಮಾಡೋಕೆ ವೆಂಡೆಲ್ ಯಾಕೆ ಅಷ್ಟು ಒದ್ದಾಡಿದ್ರು ಅನ್ನೋದು ಈ ರ್‍ಯಾಕ್ ಮುಂದೆ ನಿಂತ್ರೆ ತಿಳಿಯತ್ತೆ. ಆಂಟಿ ಹತ್ರ ವೆಂಡೆಲ್‌ದು ಒಂದು ಬಿಳಿ ಡ್ರೆಸ್ ಇದೆ, ಅಡ್ಡ ಓರೆಯಾಗಿ ಕಟ್ ಮಾಡಿದ್ದು, ಒಂದು ಕಸೂತಿ ಇಲ್ಲ ಒಂದು ಮಣಿ ಇಲ್ಲ. ಹ್ಯಾಂಗರಲ್ಲಿ ನೈಟಿ ತರ ಕಾಣತ್ತೆ. ಮೈಮೇಲೆ ಬಿದ್ದು ಕಿಟಕಿ ಬೆಳಕು ಪಕ್ಕದಿಂದ ಬಂದಾಗ ನೋಡಿ, ಸೊಂಟದ ಹತ್ರ ಬೆಳಕು ತಿರುಗಿ ಕೆಳಗಿಳಿಯೋ ರೀತಿಗೆ ಬೇರೇನೂ ಪ್ರಾಪ್ ಬೇಡ.

ಹಳೇ ಜರ್ದೋಸಿಯೂ ಅಷ್ಟೇ. ಬೆಳ್ಳಿ ಜರಿ ಕಪ್ಪಾಗಿರತ್ತೆ, ಮದುವೆಗೆ ಯಾರೂ ಉಡಲ್ಲ, ಆದ್ರೆ ಫ್ಲ್ಯಾಶ್ ಹಾಕಿದಾಗ ಹೊಸ ಪ್ಲಾಸ್ಟಿಕ್ ಜರಿ ಬಿಳಿ ಬಿಳಿ ಚುಕ್ಕಿಯಾಗಿ ಸುಟ್ಟುಹೋಗತ್ತಲ್ಲ, ಆ ಕಾಟ ಇದರಲ್ಲಿ ಇಲ್ಲ. ಕಪ್ಪು ಉಣ್ಣೆ ಕ್ರೇಪ್ ಕೂಡ ಬೆಳಕನ್ನ ಕುಡೀತದೆ, ಅಗ್ಗದ ಪಾಲಿಯೆಸ್ಟರ್ ಎದುರಿಗೇ ವಾಪಸ್ ಎಸೀತದೆ. ಸಣ್ಣ ಸಣ್ಣ ಚೆಕ್ಸ್ ಇರೋದು ತಗೊಳ್ಳುವಾಗ ಮಾತ್ರ ಹುಷಾರು, ಹಳೇದಾಗಲಿ ಹೊಸದಾಗಲಿ ಡಿಜಿಟಲ್ ಕ್ಯಾಮೆರಾದಲ್ಲಿ ಮೊಯ್ರೆ ಬಂದು ಬಣ್ಣಬಣ್ಣದ ಅಲೆ ಕಾಣತ್ತೆ, ಫೋನಲ್ಲಿ ಒಂದು ಟೆಸ್ಟ್ ಫೋಟೋ ತೆಗೆದು ನೋಡಿ.

ಒಂದು ಶೂಟಿನ ಕಥೆ ಹೇಳ್ತೇನೆ. ಡೊಂಬಿವಿಲಿಯ ಫ್ರೆಂಡೊಬ್ಬಳು ಬೆಳ್ಳಿ ಆಭರಣ ಮಾಡ್ತಾಳೆ, ಅದಕ್ಕೆ ಕೆಲವು ಫೋಟೋ ಬೇಕಿತ್ತು, ಬಜೆಟ್ ಕಮ್ಮಿ. ನಾನು ಕಪ್ಪು ರೀವ್ ಗೋಶ್ ಜಾಕೆಟ್ ಒಂದನ್ನ ಮಾತ್ರ ಬಾಡಿಗೆಗೆ ತಗೊಂಡೆ, ಕೆಳಗೆ ಅವಳ ಅಮ್ಮನದೇ ಇಳಕಲ್ ಸೀರೆ, ಟೋಪ್ ತೆನಿ ಸೆರಗು ಜಾಕೆಟ್ಟಿನ ಒಳಗಿಂದ ಕೆಳಕ್ಕೆ ಇಳಿಬಿಟ್ಟಿದ್ದು. ಮಾಸ್ತರು ಟ್ರಯಲ್ ನೋಡಿ ಸುಮ್ನಿರಲಾರದೆ ಡ್ರಾಯರ್ ತೆಗೆದು ಊರಿಂದ ತಂದಿಟ್ಟಿದ್ದ ಖಣದ ತುಂಡೊಂದನ್ನ ಮಡಿಚಿ ಜಾಕೆಟ್ಟಿನ ಮೇಲಿನ ಜೇಬಿಗೆ ಸಿಕ್ಕಿಸಿ "ಈಗ ಛಂದ ಕಾಣ್ತೈತ್ರಿ" ಅಂದ್ರು. ನಾನು ತೆಗೆಯಲಿಲ್ಲ. ಮಾಟುಂಗಾದಲ್ಲಿ ಹೂ ಮಾರೋ ಸಾಲಿನ ಹತ್ರ ಬೆಳಿಗ್ಗೆ ಬೇಗ ತೆಗೆದ್ವಿ, ಹಿಂದೆ ಮಲ್ಲಿಗೆ ಬುಟ್ಟಿ, ಆ ಅಗಲ ಭುಜ, ಕೆಂಪು ಸೆರಗು, ಕುತ್ತಿಗೆಲಿ ಬೆಳ್ಳಿ. ಎಲ್ಲರೂ ಕೇಳಿದ್ದು ಸರ ಯಾವ್ದು ಅಂತ, ಕ್ಲೈಂಟಿಗೆ ಅದೇ ಬೇಕಿದ್ದಿದ್ದು. ಜಾಕೆಟ್ ಬಗ್ಗೆ ಯಾರೂ ಕೇಳಲಿಲ್ಲ, ಒಳ್ಳೇ ಕೋಟು ಅಂದ್ರೆ ಹಾಗಿರ್ಬೇಕು.

ಅದಕ್ಕೇ ತಲೆಯಿಂದ ಕಾಲಿನ ತನಕ ಹಳೇದೇ ಹಾಕೋರನ್ನ ಕಂಡ್ರೆ ನನಗೆ ಆಗಲ್ಲ. ಎಪ್ಪತ್ತರ ಬೆಲ್ ಬಾಟಮ್ಮು, ಎಪ್ಪತ್ತರ ಕನ್ನಡಕ, ಎಪ್ಪತ್ತರ ಕೂದಲು, ಪಕ್ಕಕ್ಕೊಂದು ಪ್ರೀಮಿಯರ್ ಪದ್ಮಿನಿ, ಅದು ಫ್ಯಾಶನ್ ಅಲ್ಲ, ಸ್ಕೂಲ್ ಡೇ. ಹಳೇದು ಒಂದೇ ಇರಲಿ. 2024ರಲ್ಲಿ ಹಾಲಿವುಡ್ ನಟಿ ಝೆಂಡಾಯಾ ಲಂಡನ್ನಿನ ಸಿನಿಮಾ ಪ್ರೀಮಿಯರ್‌ಗೆ ಮ್ಯೂಗ್ಲರ್ ಬ್ರ್ಯಾಂಡಿನ 1995ರ ರೋಬೋ ಸೂಟ್ ಹಾಕ್ಕೊಂಡು ಬಂದಾಗ ಇಡೀ ಲೋಕ ಬಾಯಿ ಬಿಟ್ಟು ನೋಡಿತಲ್ಲ, ಅಲ್ಲೂ ಸೂಟು ಒಂದೇ ಮಾತಾಡಿದ್ದು. ಆದ್ರೆ ಅದಾದ್ಮೇಲೆ ಒಂದು ಕಾಟ ಶುರುವಾಗಿದೆ, ಪ್ರತಿ ಕ್ಲೈಂಟಿಗೂ "ಆರ್ಕೈವ್ ಪೀಸ್", ಅಂದ್ರೆ ದೊಡ್ಡ ಬ್ರ್ಯಾಂಡಿನ ಹಳೇ ಕಲೆಕ್ಷನ್ನಿನ ಬಟ್ಟೆ, ಬೇಕು, ಬಜೆಟ್ ಕೇಳಿದ್ರೆ ಎಂಟು ಸಾವಿರ ಅಂತಾರೆ.

ಈಗ ಅಂಗಡಿಯ ಹುಳುಕು. ಮೊದಲನೇದು ಮಳೆಗಾಲ. ಜೂನಿಂದ ಸೆಪ್ಟೆಂಬರ್ ತನಕ ಆ ಗ್ರೌಂಡ್ ಫ್ಲೋರಲ್ಲಿ ಥಂಡಿ ಹಿಡಿದಿರತ್ತೆ, ಎರಡು ರೂಮಿಗೆ ತೇವ ಹೀರೋ ಡಿಹ್ಯುಮಿಡಿಫೈಯರ್ ಒಂದೇ, ಅದೂ ಕೆಲಸಕ್ಕಿಂತ ಹೆಚ್ಚು ಸದ್ದು ಮಾಡತ್ತೆ. ಲೆದರ್ ಮೇಲೆ ಬಿಳಿ ಬೂಷ್ಟು ನಾನೇ ನೋಡಿದ್ದೇನೆ. ಎಂಬತ್ತು ತೊಂಬತ್ತರ ರೆಕ್ಸಿನ್ ತರದ ಪಿಯು ಜಾಕೆಟ್‌ಗಳನ್ನಂತೂ ಮುಟ್ಟಬೇಡಿ, ಗಾಳಿಯ ತೇವಕ್ಕೆ ಅದು ಒಳಗಿಂದಲೇ ಒಡೆದು ಅಂಟಂಟಾಗಿ ಸಿಪ್ಪೆ ಏಳತ್ತೆ, ಒಂದು ಸಲ ಶುರುವಾದ್ರೆ ರಿಪೇರಿ ಇಲ್ಲ, ಮಾಡೆಲ್ ಮೈಗೆಲ್ಲಾ ಕಪ್ಪು ಚೂರು. ಇಂಥದ್ದನ್ನ ಆಂಟಿ ಯಾಕೆ ಇನ್ನೂ ರ್‍ಯಾಕಲ್ಲಿ ಇಟ್ಟಿದ್ದಾರೋ ದೇವರಿಗೇ ಗೊತ್ತು. 1930ರ ಕಾಲದ ಟಿಕಲಿ (ಸೀಕ್ವಿನ್) ಹಾಕಿದ ಗೌನ್ ಒಂದಿದೆ, ಅದನ್ನ ಬಾಡಿಗೆಗೆ ಕೊಡಲ್ಲ, ಒಳ್ಳೇದೇ ಮಾಡಿದ್ದಾರೆ, ಆ ಕಾಲದ ಟಿಕಲಿ ಜೆಲಟಿನ್‌ದು, ಬೆವರಿಗೇ ಕರಗತ್ತೆ, ಮುಂಬೈ ಮೇ ತಿಂಗಳಲ್ಲಿ ಹಾಕಿದ್ರೆ ಶೂಟ್ ಮುಗಿಯೋದ್ರೊಳಗೆ ಪಾಯಸ.

ಎರಡನೇದು ಡೆಪಾಸಿಟ್. ಜಾಕೆಟ್‌ಗೆ ದಿನಕ್ಕೆ 2,500ರಿಂದ 4,000, ಗೌನ್ ಆದ್ರೆ 6,000ದ ಮೇಲೆ, ಇದು ಮುಂಬೈಗೆ ಜಾಸ್ತಿ ಅಲ್ಲ. ಆದ್ರೆ ಡೆಪಾಸಿಟ್ ಬಾಡಿಗೆಯ ನಾಲ್ಕು ಪಟ್ಟು, ವಾಪಸ್ ಬರೋಕೆ ಒಂದು ವಾರ, ನಾಲ್ಕೈದು ಲುಕ್ ಇರೋ ಶೂಟಾದ್ರೆ ಅಷ್ಟು ದುಡ್ಡು ಅಲ್ಲೇ ಕೂತಿರತ್ತೆ, ಪ್ರೊಡಕ್ಷನ್‌ನವರು ನಮಗೆ ಪೇಮೆಂಟ್ ಮಾಡೋದು ಮೂರು ತಿಂಗಳಿಗೆ. ಒಂದು ಸಲ ವಾಪಸ್ ಕೊಡುವಾಗ ತೋಳಿನ ಬಟನ್ ಒಂದಿಲ್ಲ ಅಂತ 1,500 ಹಿಡ್ಕೊಂಡ್ರು. ತಗೊಂಡು ಹೋಗುವಾಗಲೇ ಇರ್ಲಿಲ್ಲ ಆಂಟಿ ಅಂದ್ರೆ ಕೇಳಲೊಲ್ಲರು, ಕೊನೆಗೆ ಅಲ್ಲೇ ಅಂಗಡಿಯ ಬಾಗಿಲಲ್ಲಿ ತೆಗೆದಿದ್ದ ಫೋಟೋ ತೋರಿಸಿದ ಮೇಲೆ ಒಂದು ಮಾತಾಡದೆ ವಾಪಸ್ ಕೊಟ್ರು, ಸಾರಿ ಮಾತ್ರ ಹೇಳಲಿಲ್ಲ. ಹಾಗಾಗಿ ಬಟ್ಟೆ ಕೈಗೆ ಬಂದ ಕೂಡಲೇ ಬಟನ್, ಜಿಪ್, ಕಂಕುಳು, ಕಾಲರ್ ಒಳಗೆ, ಲೈನಿಂಗ್ ಎಲ್ಲಾ ಹತ್ತಿರದಿಂದ ಫೋಟೋ ತೆಗೆದು ಅವರಿಗೇ ವಾಟ್ಸಾಪ್ ಮಾಡಿ, ಟೈಮ್ ಅದರಲ್ಲೇ ಇರತ್ತೆ.

ಅವರ ರೂಲ್ಸೂ ಜಾಸ್ತಿ, ಶೂಟಿಗೆ ಮುಂಚೆ ಹಾಕ್ಕೊಂಡು ಕೂರೋ ಹಾಗಿಲ್ಲ, ಊಟ ಟೀ ಹತ್ರ ತರೋ ಹಾಗಿಲ್ಲ, ಪರ್ಫ್ಯೂಮ್ ಬಟ್ಟೆ ಮೇಲೆ ಹೊಡೆಯೋ ಹಾಗಿಲ್ಲ, ಮೇಕಪ್ ಆದ್ಮೇಲೆ ತಲೆಯಿಂದ ಹಾಕೋದಾದ್ರೆ ಮುಖಕ್ಕೆ ಬಟ್ಟೆ ಮುಚ್ಚಿರ್ಬೇಕು. ಇದು ನನಗೆ ಅತಿ ಅನ್ಸಿಲ್ಲ. 1962ರಲ್ಲಿ ಹಾಲಿವುಡ್ ನಟಿ ಮರ್ಲಿನ್ ಮನ್ರೋ ಹಾಕಿದ್ದ ಡ್ರೆಸ್, 2016ರ ಹರಾಜಲ್ಲಿ 48 ಲಕ್ಷ ಡಾಲರಿಗೆ ಹೋಗಿದ್ದು, ಅದನ್ನ ನ್ಯೂಯಾರ್ಕಿನ ಫ್ಯಾಶನ್ ಜಾತ್ರೆ ಮೆಟ್ ಗಾಲಾಕ್ಕೆ 2022ರಲ್ಲಿ ಕಿಮ್ ಕರ್ದಾಶಿಯನ್ ಹಾಕ್ಕೊಂಡಿದ್ದು ಕೆಲವೇ ನಿಮಿಷ, ಮೆಟ್ಟಿಲು ಹತ್ತಿ ಆದ್ಮೇಲೆ ನಕಲು ಡ್ರೆಸ್ಸಿಗೆ ಬದಲಾಯಿಸಿದ್ರು. ಅಷ್ಟಕ್ಕೇ ಬಟ್ಟೆ ಕಾಪಾಡೋ ಮ್ಯೂಸಿಯಂ ಜನ ಎಷ್ಟು ಬೈದ್ರು ನೆನಪಿದೆಯಲ್ಲ. ನಾವು ಬೆಳಿಗ್ಗೆ ಏಳರಿಂದ ಸಂಜೆ ತನಕ ಬಿಸಿಲಲ್ಲಿ ಎಳೆದಾಡೋರು.

ಹೋಗೋದಾದ್ರೆ ಒಂದು ವಾರ ಮುಂಚೆ ಮೆಸೇಜ್ ಮಾಡಿ ಟೈಮ್ ತಗೊಳ್ಳಿ, ಮೆಸೇಜಲ್ಲಿ ಶೂಟಿನ ರೆಫರೆನ್ಸ್ ಫೋಟೋ ಎರಡು ಮೂರು ಕಳಿಸಿದ್ರೆ ಆಂಟಿ ಮುಂಚೆಯೇ ತೆಗೆದಿಟ್ಟಿರ್ತಾರೆ, ಇಪ್ಪತ್ತು ಕಳಿಸಿದ್ರೆ ರಿಪ್ಲೈ ಬರಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕು ಬಾಗಿಲು ಹಾಕಿರತ್ತೆ, ಬೆಲ್ ಒತ್ತಿ ಪ್ರಯೋಜನ ಇಲ್ಲ, ಭಾನುವಾರ ಚರ್ಚಿಂದ ಬಂದ ಮೇಲೆ ಮೂಡ್ ಇದ್ರೆ ತೆಗೀತಾರೆ. ಬಾಡಿಗೆ ಜಿಪೇ ನಡೆಯತ್ತೆ, ಡೆಪಾಸಿಟ್ ಕ್ಯಾಶ್ ಇಲ್ಲಾ ಚೆಕ್ ಮಾತ್ರ. ಗಾಡಿ ತಗೊಂಡು ಹೋಗ್ಬೇಡಿ, ಆ ಗಲ್ಲಿಲಿ ಪಾರ್ಕಿಂಗ್ ಅಂತ ಏನೂ ಇಲ್ಲ, ಬಾಂದ್ರಾ ಸ್ಟೇಷನ್ನಿಂದ ರಿಕ್ಷಾ ಹಿಡೀರಿ, ವಾಪಸ್ ಬರುವಾಗ ಬಟ್ಟೆ ಕವರ್ ಮಡಚದೆ ತೋಳ ಮೇಲೆ ಅಡ್ಡ ಹಾಕ್ಕೊಂಡು ಬನ್ನಿ. ಮಾಸ್ತರು ಮಂಗಳವಾರ ಇರಲ್ಲ, ಆ ದಿನ ಹೋಗೋದೇ ಬೇಡ.